ನಲವತ್ತಮೂರು ಫೈಲುಗಳಿಗೆ ಒಂದೇ ಅಂಕಿ

"ಈ ಕ್ಲೇಮಿಗೆ ಐವತ್ತು ಸಾವಿರ ಪ್ರೊವಿಜನ್ ಇಟ್ಟಿದ್ದೀರಿ. ತೀರಿಕೊಂಡವರ ವಯಸ್ಸು ಎಷ್ಟು?"

2022ರ ನವೆಂಬರ್‌ನಲ್ಲಿ ಆರ್‌ಓದವರು, ಅಂದರೆ ಪ್ರಾದೇಶಿಕ ಕಚೇರಿಯವರು, ಕರೆದಿದ್ದ ವಿಡಿಯೊ ಸಭೆಯಲ್ಲಿ ನನ್ನ ಮುಂದೆ ಬಂದ ಪ್ರಶ್ನೆ ಇದು. ಪ್ರೊವಿಜನ್ ಎಂದರೆ ಮುಂದೆ ಕೊಡಬೇಕಾಗುವ ಪರಿಹಾರಕ್ಕೆಂದು ಲೆಕ್ಕದಲ್ಲಿ ತೆಗೆದಿಡುವ ಅಂದಾಜು ಮೊತ್ತ. ಎಲ್ಲ ವಿಭಾಗೀಯ ಕಚೇರಿಗಳೂ ಪರದೆಯ ಮೇಲೆ ಚೌಕ ಚೌಕವಾಗಿ ಕುಳಿತಿದ್ದವು. ವಿಜಯಪುರದ ಚೌಕದಲ್ಲಿ ನಾನೊಬ್ಬನೇ ಇದ್ದೆ. ನಮ್ಮ ಡಿಎಂ (ವಿಭಾಗೀಯ ವ್ಯವಸ್ಥಾಪಕರು) ಒಂದು ಅಪೀಲಿನ ಸಲುವಾಗಿ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಿದ್ದರು. ಉತ್ತರ ನನಗೆ ಗೊತ್ತಿತ್ತು. ಮೂವತ್ತೆರಡು. ಆ ಒಂದು ಮಾತು ಬಾಯಿಂದ ಹೊರಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ನಾನು ಇಂದಿಗೂ ಮರೆತಿಲ್ಲ.

ನಾನು ಸಾರ್ವಜನಿಕ ಸಾಮಾನ್ಯ ವಿಮಾ ಕಂಪನಿಯೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಇದ್ದೇನೆ. ಅದರಲ್ಲಿ ಒಂಬತ್ತು ವರ್ಷ ಟಿಪಿ, ಅಂದರೆ ವಾಹನದಿಂದ ಮೂರನೆಯವರಿಗೆ ಆದ ಸಾವು-ನೋವಿನ ಪರಿಹಾರದ, ಕ್ಲೇಮಿನ ಮೇಜಿನಲ್ಲಿಯೇ ಕಳೆದಿವೆ. ಈ ಟಿಪಿ ವಿಮೆಯ ದರವನ್ನು ಸರ್ಕಾರವೇ ಗೊತ್ತುಪಡಿಸುವುದರಿಂದ ಸರ್ಕಾರಕ್ಕೆ ಏನು ಖರ್ಚು ಬರುತ್ತದೆ ಎಂದು ಯಾರಾದರೂ ಕೇಳಿದ್ದರೆ, ಆ ನವೆಂಬರ್‌ವರೆಗೆ ನಾನು "ಏನೂ ಇಲ್ಲ" ಎಂದು ನಿಸ್ಸಂಕೋಚವಾಗಿ ಹೇಳುತ್ತಿದ್ದೆ. ಒಬ್ಬರು ಕೇಳಿಯೂ ಇದ್ದರು. ಅವರಿಗೆ ನಾನು ಕೊಟ್ಟ ಉತ್ತರದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆ ಸಭೆಗೆ ಎರಡು ವಾರ ಮೊದಲು ಬೆಳಿಗ್ಗೆ ಹನ್ನೊಂದಕ್ಕೆ ಒಂದು ಮೇಲ್ ಬಂದಿತ್ತು. ಸಂಸತ್ತಿನ ಪ್ರಶ್ನೆಯೊಂದಕ್ಕೆ ಉತ್ತರ ಸಿದ್ಧವಾಗುತ್ತಿದೆ, ವಾಹನದ ವರ್ಗವಾರು ಟಿಪಿ ಐಸಿಆರ್ (ಬಂದ ಪ್ರೀಮಿಯಂನಲ್ಲಿ, ಕೊಟ್ಟ ಕ್ಲೇಮು ಮತ್ತು ಪ್ರೊವಿಜನ್ ಸೇರಿ ಶೇಕಡಾ ಎಷ್ಟು ಎಂಬ ಲೆಕ್ಕ) ಐದು ವರ್ಷಗಳದ್ದು ಮಧ್ಯಾಹ್ನ ಮೂರರೊಳಗೆ ಬೇಕು. ಇಂಥ ಮೇಲ್‌ಗಳು ಬರುವುದೇ ಹೀಗೆ. ದೆಹಲಿಯಲ್ಲಿ ಹತ್ತು ದಿನ ಇದ್ದ ಗಡುವು ಮುಖ್ಯ ಕಚೇರಿಗೆ ಬಂದಾಗ ಐದು ದಿನ, ಆರ್‌ಓಗೆ ಬಂದಾಗ ಎರಡು ದಿನ, ನಮ್ಮ ಮೇಜಿಗೆ ಬಂದಾಗ ನಾಲ್ಕು ಗಂಟೆಯಾಗಿರುತ್ತದೆ. ಊಟ ಬಿಟ್ಟು ಕುಳಿತೆ. ಖಾಸಗಿ ಕಾರುಗಳ ಸಾಲಿನಲ್ಲಿ ನಮ್ಮ ಕಚೇರಿಯ ಐಸಿಆರ್ 71 ಎಂದು ಬಂತು. ನೂರು ರೂಪಾಯಿ ಪ್ರೀಮಿಯಂಗೆ ಎಪ್ಪತ್ತೊಂದು ರೂಪಾಯಿ ಕ್ಲೇಮು. ಟಿಪಿಯಲ್ಲಿ ಇಂಥ ಅಂಕಿ ಕಾಣುವುದು ಅಪರೂಪ. ನನಗೆ ಹೆಮ್ಮೆಯೇ ಆಯಿತು. ಎರಡೂ ಮುಕ್ಕಾಲಿಗೆ ಕಳುಹಿಸಿದೆ.

ಆ 71 ಎಲ್ಲಿಂದ ಬಂದಿತ್ತು ಎಂದು ಒಂದು ಕ್ಷಣ ಕೇಳಿಕೊಂಡಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲ. ಕೋರ್ಟಿನಿಂದ ಸಮನ್ಸ್ ಬಂದ ಕೂಡಲೇ ಕ್ಲೇಮನ್ನು ಸಿಸ್ಟಮ್ಮಿನಲ್ಲಿ ನೋಂದಾಯಿಸಬೇಕು, ನೋಂದಾಯಿಸಿದ ಕೂಡಲೇ ಒಂದು ಪ್ರೊವಿಜನ್ ಹಾಕಬೇಕು. ಅರ್ಜಿಯ ಪ್ರತಿ, ಶವಪರೀಕ್ಷೆಯ ವರದಿ, ಸಂಬಳದ ಚೀಟಿ ಯಾವುದೂ ಆಗ ಕೈಯಲ್ಲಿ ಇರುವುದಿಲ್ಲ. ಹಾಗಾಗಿ ಸಾವಿನ ಪ್ರಕರಣವಾದರೆ ಮೋಟಾರು ವಾಹನ ಕಾಯ್ದೆಯ ಹಳೆಯ 140ನೇ ಕಲಮಿನಂತೆ ತಪ್ಪು ಯಾರದಾದರೂ ಕೊಡಬೇಕಿದ್ದ ಎನ್‌ಎಫ್‌ಎಲ್ ಮೊತ್ತವಾದ 50,000 ರೂಪಾಯಿ, ಶಾಶ್ವತ ಅಂಗವೈಕಲ್ಯವಾದರೆ 25,000 ಹಾಕಿ ಮುಂದೆ ಸಾಗುವುದು ರೂಢಿಯಾಗಿತ್ತು. ಕಾಗದಪತ್ರ ಬಂದ ಮೇಲೆ ತಿದ್ದಬೇಕು. ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ನಾನೂ ಮಾಡಿದೆ. ವ್ಯತ್ಯಾಸವೆಂದರೆ ನಾನು ತಿದ್ದಲಿಲ್ಲ.

ಏಕೆ ತಿದ್ದಲಿಲ್ಲ ಎಂಬುದಕ್ಕೆ ನನ್ನ ಬಳಿ ಕಾರಣಗಳಿದ್ದವು, ಅವು ಸುಳ್ಳೂ ಅಲ್ಲ. ಆ ತಂತ್ರಾಂಶದಲ್ಲಿ ಒಂದು ಪ್ರೊವಿಜನ್ ಏರಿಸಬೇಕಾದರೆ ಕ್ಲೇಮ್ ನಂಬರಿನಿಂದ ಹುಡುಕಬೇಕು, ಕಾರಣದ ಕೋಡ್ ಹಾಕಬೇಕು, ಅರ್ಜಿಯನ್ನು ಎರಡು ಎಂಬಿಗೆ ಇಳಿಸಿ ಏರಿಸಬೇಕು, ನನ್ನ ಅಧಿಕಾರದ ಮಿತಿ ಮೀರಿದರೆ ಡಿಎಂ ಲಾಗಿನ್‌ಗೆ ತಳ್ಳಬೇಕು. ನಡುವೆ ಕೌಂಟರಿಗೆ ಯಾರಾದರೂ ಬಂದು ಮಾತಾಡಿಸಿದರೆ ಅಷ್ಟರಲ್ಲಿ ಲಾಗ್‌ಔಟ್ ಆಗಿರುತ್ತದೆ. ಮೊದಲಿನಿಂದ ಮತ್ತೆ ಶುರು. ಈ ತಂತ್ರಾಂಶವನ್ನು ಬರೆದವರು ಒಂದು ದಿನವಾದರೂ ಕ್ಲೇಮಿನ ಮೇಜಿನಲ್ಲಿ ಕುಳಿತಿದ್ದರೆ ಅದು ಹೀಗಿರುತ್ತಿರಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಇನ್ನೊಂದು ಕಡೆ, ಪ್ರತಿ ಮಾರ್ಚ್‌ನಲ್ಲಿ ಮೇಲಿನಿಂದ ಬರುವ ಸುತ್ತೋಲೆಗಳಲ್ಲಿ "ಐಸಿಆರ್ ನಿಯಂತ್ರಣ" ಎಂಬ ಮಾತು ದಪ್ಪಕ್ಷರದಲ್ಲಿ ಇರುತ್ತಿತ್ತು. ಪ್ರೊವಿಜನ್ ಕಡಿಮೆ ಇಡಿ ಎಂದು ಯಾರೂ ಹೇಳಲಿಲ್ಲ. ಏರಿಸಿದವರನ್ನು ಮಾತ್ರ ಏಕೆ ಏರಿಸಿದಿರಿ ಎಂದು ಕೇಳುತ್ತಿದ್ದರು. ಏರಿಸದವರನ್ನು ಯಾರೂ ಕೇಳುತ್ತಿರಲಿಲ್ಲ.

ಇಷ್ಟೆಲ್ಲ ಇದ್ದರೂ ತಪ್ಪು ನನ್ನದೇ. ಕಾಗದಗಳು ಬಂದು ಫೈಲಿಗೆ ಸೇರಿದ್ದವು. ನಾನೇ ಪಂಚ್ ಮಾಡಿ ಸೇರಿಸಿದ್ದೆ. ಪುಟ ತೆರೆದು ಓದಿದ್ದೆ. ವಕೀಲರಿಗೆ ಪ್ಯಾರಾವಾರು ಟಿಪ್ಪಣಿ ಬರೆದುಕೊಟ್ಟಿದ್ದೆ. ಅಂಕಿಯನ್ನು ಮಾತ್ರ ಮುಟ್ಟಿರಲಿಲ್ಲ.

ಸಭೆಗೆ ಮರಳುತ್ತೇನೆ. ಆರ್‌ಓದ ಡಿಜಿಎಂ (ಉಪ ಮಹಾ ವ್ಯವಸ್ಥಾಪಕಿ) ಮೇಡಂ ಮೊದಲು ಹೊಗಳಿಕೆಯ ಧ್ವನಿಯಲ್ಲಿಯೇ ಕೇಳಿದರು. "ಉಳಿದ ಕಚೇರಿಗಳದು ನೂರರ ಮೇಲೆ ಇದೆ, ವಿಜಯಪುರದ್ದು 71. ನೀವು ಅಲ್ಲಿ ಏನು ಮಾಡುತ್ತಿದ್ದೀರಿ ಎಂದು ಎಲ್ಲರಿಗೂ ಹೇಳಿ." ನಾನು ಸಿದ್ಧನಾಗಿಯೇ ಇದ್ದೆ. "ನಮ್ಮಲ್ಲಿ ಅಂಡರ್‌ರೈಟಿಂಗ್ ಬಿಗಿಯಾಗಿದೆ ಮೇಡಂ" ಎಂದೆ. ಅಪಾಯ ತೂಗಿ ನೋಡಿಯೇ ಪಾಲಿಸಿ ಕೊಡುತ್ತೇವೆ ಎಂದು ಅದರ ಅರ್ಥ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಟಿಪಿಯಲ್ಲಿ ಯಾವ ಅಂಡರ್‌ರೈಟಿಂಗ್? ದರ ಸರ್ಕಾರದ್ದು. ಬಾಗಿಲಿಗೆ ಬಂದ ವಾಹನವನ್ನು ಬೇಡ ಎನ್ನುವ ಹಾಗಿಲ್ಲ. ನೀವು ಬಿಗಿ ಮಾಡುವುದಾದರೂ ಏನನ್ನು?"

ವರ್ಷಗಟ್ಟಲೆ ಅದೇ ಮೇಜಿನಲ್ಲಿ ಕುಳಿತವನು ಆ ಉತ್ತರ ಕೊಡಬಾರದಿತ್ತು. ಅವರು ನಮ್ಮ ಕಚೇರಿಯ ಬಾಕಿ ಕ್ಲೇಮುಗಳ ಪಟ್ಟಿಯನ್ನು ಪರದೆಗೆ ತಂದರು, ಪ್ರೊವಿಜನ್ ಕಾಲಂ ಒತ್ತಿ ಏರಿಕೆಯ ಕ್ರಮದಲ್ಲಿ ಜೋಡಿಸಿದರು. 50,000. 50,000. 50,000. ಅವರು ಪುಟವನ್ನು ಕೆಳಕ್ಕೆ ಸರಿಸುತ್ತಲೇ ಇದ್ದರು, ಆ ಅಂಕಿ ಮುಗಿಯುತ್ತಲೇ ಇರಲಿಲ್ಲ. ನಲವತ್ತಮೂರು ಸಾಲು. ಮೈಕ್ ಮುಚ್ಚದ ಯಾವುದೋ ಕಚೇರಿಯಿಂದ ಚಹಾದ ಲೋಟಗಳ ಸದ್ದು ಬರುತ್ತಿತ್ತು. ಅವರು ಒಂದು ಎಂವಿಸಿ (ಅಪಘಾತ ಪರಿಹಾರದ ಪ್ರಕರಣದ) ನಂಬರನ್ನು ಗಟ್ಟಿಯಾಗಿ ಓದಿ, ನಾನು ಆರಂಭದಲ್ಲಿ ಬರೆದ ಪ್ರಶ್ನೆಯನ್ನು ಕೇಳಿದರು.

ಆ ಫೈಲನ್ನು ನಾನು ಚೆನ್ನಾಗಿ ಬಲ್ಲೆ. 2019ರ ಡಿಸೆಂಬರ್‌ನಲ್ಲಿ, ಸೊಲ್ಲಾಪುರ ರಸ್ತೆಯಲ್ಲಿ ಹೊರ್ತಿ ದಾಟಿದ ಮೇಲೆ, ನಮ್ಮಲ್ಲಿ ವಿಮೆ ಮಾಡಿಸಿದ್ದ ಕಾರು ಬೈಕಿಗೆ ಹಿಂದಿನಿಂದ ಹೊಡೆದಿತ್ತು. ಬೈಕಿನವರು ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್. ಡಿಎಲ್ ಸರಿ, ಪಾಲಿಸಿ ಸರಿ, ಎಫ್‌ಐಆರ್ ಸರಿ. ನಾವು ತಪ್ಪಿಸಿಕೊಳ್ಳುವ ಒಂದೇ ಒಂದು ದಾರಿಯೂ ಆ ಫೈಲಿನಲ್ಲಿ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

"ಮೂವತ್ತೆರಡು ಮೇಡಂ."

"ಅವಲಂಬಿತರು?"

"ಹೆಂಡತಿ, ಮೂರು ಮಕ್ಕಳು, ತಾಯಿ."

"ಸಂಬಳ?"

"ಹನ್ನೆರಡು ಸಾವಿರ. ಮಿಲ್ಲಿನ ಚೀಟಿ ಇದೆ."

"ಲೆಕ್ಕ ಹಾಕಿ ಹೇಳಿ. ನಾವು ಕಾಯುತ್ತೇವೆ."

ಕ್ಯಾಲ್ಕ್ಯುಲೇಟರ್ ತೆಗೆದುಕೊಂಡೆ. ಇದು ನಾನು ನಿದ್ದೆಯಲ್ಲಿಯೂ ಹಾಕಬಲ್ಲ ಲೆಕ್ಕ. ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ದಾರಿಯನ್ನು ಹಾಕಿಕೊಟ್ಟಿದೆ. ನಲವತ್ತರ ಒಳಗಿನವರು, ಕಾಯಂ ನೌಕರಿಯಲ್ಲ, ಹಾಗಾಗಿ ಭವಿಷ್ಯದ ಆದಾಯಕ್ಕೆ ಶೇ 40 ಸೇರಿಸಿದರೆ 16,800. ಐವರು ಅವಲಂಬಿತರು, ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 12,600. ಹನ್ನೆರಡು ತಿಂಗಳಿಗೆ 1,51,200. ಆ ವಯಸ್ಸಿಗೆ ತೀರ್ಪಿನಲ್ಲಿ ಹೇಳಿದ ಗುಣಕ 16, ಅದರಿಂದ ಗುಣಿಸಬೇಕು. ಎರಡು ಸಲ ತಪ್ಪು ಒತ್ತಿದೆ. ಬೆರಳು ನಡುಗುತ್ತಿತ್ತು. ಮೂರನೆಯ ಸಲ ಸರಿಯಾಗಿ ಬಂತು.

"24,19,200 ಮೇಡಂ. ಕನ್ಸಾರ್ಟಿಯಂ, ಅಂತ್ಯಕ್ರಿಯೆ, ಬಡ್ಡಿ ಬೇರೆ." ಕನ್ಸಾರ್ಟಿಯಂ ಎಂದರೆ ಮನೆಯವರು ಅವರ ಒಡನಾಟ ಕಳೆದುಕೊಂಡದ್ದಕ್ಕೆ ಕೊಡುವ ಮೊತ್ತ.

"ಈ ಅಂಕಿ ಎರಡೂವರೆ ವರ್ಷದ ಹಿಂದೆಯೇ ನನ್ನ ಮುಂದೆ ಇರಬೇಕಿತ್ತು" ಎಂದರು. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು ಎಂದು ನನಗೆ ಅನ್ನಿಸಿತು. ಮುಂದಿನ ಕಚೇರಿಯ ಸರದಿ ಬಂತು. ಸಭೆ ಮುಗಿಯುವವರೆಗೆ ಒಂದೂವರೆ ಗಂಟೆ ಆ ಚೌಕದಲ್ಲಿಯೇ ಕುಳಿತಿದ್ದೆ.

ಆ ಕಾರಿನವರು ಅಂದಿನ ದರದಲ್ಲಿ ನಮಗೆ ಕೊಟ್ಟ ಟಿಪಿ ಪ್ರೀಮಿಯಂ 3,221 ರೂಪಾಯಿ. 1000ರಿಂದ 1500 ಸಿಸಿ ಕಾರಿಗೆ 2019ರ ಜೂನ್‌ನಲ್ಲಿ ಗೊತ್ತುಪಡಿಸಿದ ದರ ಅದು. 2023ರ ಫೆಬ್ರವರಿಯಲ್ಲಿ ಅವಾರ್ಡ್, ಅಂದರೆ ನ್ಯಾಯಮಂಡಳಿಯ ಪರಿಹಾರದ ಆದೇಶ, ಬಂದಾಗ ಬಡ್ಡಿ ಸೇರಿ ಮೊತ್ತ 31 ಲಕ್ಷ ದಾಟಿತು. ಒಂದು ಸಾವಿನ ಪರಿಹಾರಕ್ಕೆ ಒಂಬೈನೂರಕ್ಕೂ ಹೆಚ್ಚು ಕಾರುಗಳ ಒಂದು ವರ್ಷದ ಪ್ರೀಮಿಯಂ ಬೇಕು ಎಂದಾಯಿತು. ವಿಮೆ ಎಂದರೆ ಇದೇ, ಅದರಲ್ಲಿ ತಕರಾರಿಲ್ಲ. ಆದರೆ ಆ ಒಂಬೈನೂರರ ಲೆಕ್ಕ ಸರಿ ಇರಬೇಕಾದರೆ ದರ ಸರಿ ಇರಬೇಕು. ದರ ಸರಿ ಇರಬೇಕಾದರೆ ದರ ಕಟ್ಟುವವರ ಕೈಗೆ ಹೋಗುವ ಅಂಕಿ ಸರಿ ಇರಬೇಕು. ಆ ಅಂಕಿಯನ್ನು ಟೈಪ್ ಮಾಡುವವನು ನಾನು.

ನನ್ನನ್ನು ಆ ರಾತ್ರಿ ನಿದ್ದೆಗೆಡಿಸಿದ್ದು ಇದು. 2007ರ ಜನವರಿ 1ರಂದು ಬೆಂಕಿ ವಿಮೆ ಮತ್ತು ವಾಹನದ ಓಡಿ (ಸ್ವಂತ ವಾಹನದ ಹಾನಿಯ) ವಿಮೆಯ ಟ್ಯಾರಿಫ್, ಅಂದರೆ ಗೊತ್ತುಪಡಿಸಿದ ದರಪಟ್ಟಿ, ಹೋಯಿತು, ಟಿಪಿ ಮಾತ್ರ ಸರ್ಕಾರದ ಕೈಯಲ್ಲಿಯೇ ಉಳಿಯಿತು. ಮೊದಲು ಹೈದರಾಬಾದಿನ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ದರ ಹೇಳುತ್ತಿತ್ತು. 2022ರಿಂದ ಅದರೊಡನೆ ಸಮಾಲೋಚಿಸಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಹೇಳುತ್ತದೆ. ಎಲ್ಲ ಕಂಪನಿಗಳ ಕ್ಲೇಮಿನ ದತ್ತಾಂಶವೂ ಮೇಲಕ್ಕೆ ಹೋಗಿ ಒಂದೆಡೆ ಸೇರುತ್ತದೆ, ದರದ ಚರ್ಚೆ ನಡೆಯುವುದು ಅದರ ಮೇಲೆ. ಅಲ್ಲಿ ಕುಳಿತವರಿಗೆ ಹೊರ್ತಿಯ ರಸ್ತೆಯೂ ಗೊತ್ತಿಲ್ಲ, ಆ ಫಿಟ್ಟರ್ ಕೂಡ ಗೊತ್ತಿಲ್ಲ. ಅವರಿಗೆ ಕಾಣುವುದು ನಾನು ಬರೆದ 50,000. ವಿಮಾ ಗಣಿತಜ್ಞರು ಇನ್ನೂ ವರದಿಯಾಗದ ಕ್ಲೇಮುಗಳಿಗೆಂದು ಐಬಿಎನ್‌ಆರ್ ಹೆಸರಿನಲ್ಲಿ ಮೇಲೆ ಒಂದಷ್ಟು ಸೇರಿಸುತ್ತಾರೆ ನಿಜ, ಆದರೆ ಅದನ್ನೂ ಹಳೆಯ ಅಂಕಿಗಳ ಜಾಡು ಹಿಡಿದೇ ಸೇರಿಸಬೇಕು.

ಇದು ನಮ್ಮ ಒಂದು ಕಚೇರಿಯ ಕಥೆಯಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಇಡೀ ದೇಶ ಒಮ್ಮೆ ಹೀಗೆಯೇ ಎಡವಿದೆ. 2007ರ ಏಪ್ರಿಲ್‌ನಿಂದ ವಾಣಿಜ್ಯ ವಾಹನಗಳ ಟಿಪಿಯನ್ನೆಲ್ಲ ಒಂದು ಪೂಲ್‌ಗೆ ಹಾಕಿ, ನಷ್ಟವನ್ನು ಎಲ್ಲ ಕಂಪನಿಗಳೂ ಹಂಚಿಕೊಳ್ಳುವ ವ್ಯವಸ್ಥೆ ಬಂತು. ನಾಲ್ಕು ವರ್ಷ ಎಲ್ಲರೂ ಕಡಿಮೆ ಪ್ರೊವಿಜನ್ ಇಟ್ಟುಕೊಂಡು ಬಂದರು. 2011ರ ಮಾರ್ಚ್‌ನಲ್ಲಿ ಪ್ರಾಧಿಕಾರ, ಹಿಂದಿನ ಎಲ್ಲ ವರ್ಷಗಳಿಗೂ ಶೇ 153ರ ನಷ್ಟದ ಲೆಕ್ಕದಲ್ಲಿ ಹಣ ತೆಗೆದಿಡಿ ಎಂದು ಆದೇಶಿಸಿತು. ನೂರು ರೂಪಾಯಿ ತೆಗೆದುಕೊಂಡು ನೂರೈವತ್ತಮೂರು ಕೊಡಬೇಕಾದ ವ್ಯಾಪಾರ. ನಾನು ಆಗ ಕೌಂಟರಿನಲ್ಲಿ ಪಾಲಿಸಿ ಬರೆಯುತ್ತಿದ್ದ ಹುಡುಗ. ಹಿರಿಯರು ತಲೆಗೆ ಕೈ ಹೊತ್ತು ಕುಳಿತದ್ದು ನೆನಪಿದೆ. 2012ರ ಮಾರ್ಚ್ ಕೊನೆಗೆ ಆ ಪೂಲ್ ಮುಚ್ಚಿತು. ಅದರಿಂದ ನಾನು ಏನನ್ನೂ ಕಲಿಯಲಿಲ್ಲ ಎಂಬುದು ಹನ್ನೊಂದು ವರ್ಷದ ನಂತರ ಗೊತ್ತಾಯಿತು.

ಸರ್ಕಾರದ ಖರ್ಚಿನ ವಿಷಯಕ್ಕೆ ಬರುತ್ತೇನೆ. ದರ ಕಟ್ಟುವುದರಿಂದ ಸರ್ಕಾರಕ್ಕೆ ಖರ್ಚಿದೆ ಎಂಬುದನ್ನು ಲೆಕ್ಕಪತ್ರ ವಿಭಾಗದ ನನ್ನ ಸಹೋದ್ಯೋಗಿಯೊಬ್ಬರು ಒಪ್ಪುವುದೇ ಇಲ್ಲ. "ಐಆರ್‌ಡಿಎಐ ನಡೆಯುವುದು ವಿಮಾ ಕಂಪನಿಗಳು ಕಟ್ಟುವ ಶುಲ್ಕದಿಂದ, ಬೊಕ್ಕಸದಿಂದಲ್ಲ. ಮೇಲಾಗಿ 3,416 ರೂಪಾಯಿಯ ಟಿಪಿಗೆ ಶೇ 18ರಂತೆ 615 ರೂಪಾಯಿ ಜಿಎಸ್‌ಟಿ ಸರ್ಕಾರಕ್ಕೇ ಹೋಗುತ್ತದೆ. ದರ ನಿಯಂತ್ರಣದಿಂದ ಸರ್ಕಾರಕ್ಕೆ ಲಾಭವಲ್ಲದೆ ಖರ್ಚೆಲ್ಲಿ?" ಎನ್ನುತ್ತಾರೆ. ನಿಯಂತ್ರಕರ ಸಂಬಳ, ಕಟ್ಟಡ, ಕಾಗದ ಮಾತ್ರವೇ ಖರ್ಚು ಎಂದುಕೊಂಡರೆ ಅವರ ಮಾತು ಸರಿ.

ಆದರೆ 2019-20ರಲ್ಲಿ ಕೇಂದ್ರ ಸರ್ಕಾರ ಮೂರು ಸಾರ್ವಜನಿಕ ಸಾಮಾನ್ಯ ವಿಮಾ ಕಂಪನಿಗಳಿಗೆ 2,500 ಕೋಟಿ ರೂಪಾಯಿ ಬಂಡವಾಳ ಹಾಕಿತು. 2020-21ರಲ್ಲಿ 9,950 ಕೋಟಿ. 2021-22ರಲ್ಲಿ 5,000 ಕೋಟಿ. ಒಟ್ಟು 17,450 ಕೋಟಿ. ಅದು ತೆರಿಗೆಯ ಹಣ. ಅದೆಲ್ಲವೂ ಟಿಪಿ ದರದಿಂದಲೇ ಆದ ನಷ್ಟ ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಗುಂಪು ಆರೋಗ್ಯ ವಿಮೆಗೆ ದರದ ಕಟ್ಟು ಇರಲಿಲ್ಲ, ಅಲ್ಲಿ ನಾವು ಒಬ್ಬರ ಮೇಲೊಬ್ಬರು ಬಿದ್ದು ದರ ಇಳಿಸಿ ಕೈ ಸುಟ್ಟುಕೊಂಡೆವು. ಅದು ನಮ್ಮದೇ ಅವಿವೇಕ. ಆದರೆ ಟಿಪಿಯ ಪಾಲೂ ಅದರಲ್ಲಿ ಇದೆ, ಅದನ್ನು ಬೇರೆ ಮಾಡಿ ತೋರಿಸುವ ಒಂದು ಸಾಲು ನಾನು ಓದಿದ ಯಾವ ಬಜೆಟ್ ಭಾಷಣದಲ್ಲಿಯೂ ಇರಲಿಲ್ಲ. ನನ್ನ ಸಿಟ್ಟು ಇರುವುದು ಅಲ್ಲಿಯೇ. ಕೋವಿಡ್ ಬಂತು ಎಂದು 2020ರಲ್ಲಿಯೂ 2021ರಲ್ಲಿಯೂ ಟಿಪಿ ದರವನ್ನು ಏರಿಸಲಿಲ್ಲ. ಜನರ ಕೈಯಲ್ಲಿ ಹಣವಿಲ್ಲದ ಕಾಲ, ಅದು ಸರಿಯಾದ ತೀರ್ಮಾನವೇ. ಆದರೆ ನ್ಯಾಯಮಂಡಳಿಯ ಅವಾರ್ಡ್‌ಗಳು ಆ ಎರಡು ವರ್ಷ ನಿಂತಿರಲಿಲ್ಲ. ಸರ್ಕಾರ ಜನರಿಗೆ ಒಂದು ರಿಯಾಯಿತಿ ಕೊಟ್ಟಿತು, ಅದರ ಬಿಲ್ಲನ್ನು ನಮ್ಮ ಪುಸ್ತಕದಲ್ಲಿ ಬರೆಯಿತು, ನಮ್ಮ ಪುಸ್ತಕ ಹರಿದಾಗ ಬೊಕ್ಕಸದಿಂದ ಹೊಲಿಯಿತು. ನೇರವಾಗಿ "ಇಷ್ಟು ಕೋಟಿ ಸಹಾಯಧನ" ಎಂದು ಬರೆದಿದ್ದರೆ ಎಲ್ಲರಿಗೂ ಕಾಣುತ್ತಿತ್ತು. ಕೊನೆಗೆ 2022ರ ಜೂನ್ 1ರಿಂದ ದರ ಏರಿತು. ಆ ವರ್ಗದ ಕಾರಿಗೆ 3,221 ಇದ್ದದ್ದು 3,416 ಆಯಿತು. ಮೂರು ವರ್ಷಕ್ಕೆ 195 ರೂಪಾಯಿ. ಅದೇ ದರ 2025ರ ಜೂನ್‌ವರೆಗೂ ಹಾಗೆಯೇ ನಿಂತಿತ್ತು.

ಹಾಗೆಂದು ದರವನ್ನು ಬಿಟ್ಟುಬಿಡಿ ಎನ್ನುವವರ ಜೊತೆ ನಾನಿಲ್ಲ. ಬಿಟ್ಟರೆ ಏನಾಗುತ್ತದೆ ಎಂದು ಬಲ್ಲೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು ರಾತ್ರಿಯೆಲ್ಲ ಓಡುವ ಟ್ರ್ಯಾಕ್ಟರಿಗೆ, ಹದಿನೈದು ವರ್ಷದ ಲಾರಿಗೆ ಯಾವ ಕಂಪನಿಯೂ ಬಾಗಿಲು ತೆರೆಯುವುದಿಲ್ಲ. ವಿಮೆಯಿಲ್ಲದೆ ಓಡಿದರೆ ಕಾನೂನಿನಲ್ಲಿ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಜೈಲು, ಹೆಚ್ಚಾಗಿ ದಂಡದಲ್ಲಿಯೇ ಮುಗಿಯುತ್ತದೆ. ಅಂಥ ವಾಹನ ಯಾರಿಗಾದರೂ ಹೊಡೆದರೆ ಅವಾರ್ಡ್ ಕಾಗದದ ಮೇಲೆ ಉಳಿಯುತ್ತದೆ. ವಸೂಲಿಗೆ ಹೋದರೆ ಮಾಲೀಕನ ಹೆಸರಿನಲ್ಲಿ ಒಂದು ಎಕರೆಯೂ ಇರುವುದಿಲ್ಲ. ದರಕ್ಕೆ ಕಟ್ಟು ಬೇಕು. ಕಟ್ಟಿದವರು ವರ್ಷಕ್ಕೊಮ್ಮೆ ಅದನ್ನು ತಪ್ಪದೆ ತೆರೆದು ನೋಡಬೇಕು.

ಮನೆಯ ವಿಮೆಯ ವಿಷಯ ಇದಕ್ಕೆ ತಿರುವುಮುರುವು. ಅಲ್ಲಿ ದರದ ಕಟ್ಟು ಇಲ್ಲ. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಎಂದು ಎಲ್ಲ ಕಂಪನಿಗಳಿಗೂ ಒಂದೇ ನಮೂನೆಯ ಪಾಲಿಸಿ ಬಂದಿದೆ, ದರ ಅವರವರದು. ಹತ್ತು ಲಕ್ಷದ ಗಟ್ಟಿ ಮನೆಗೆ ವರ್ಷಕ್ಕೆ ಕೆಲವೇ ನೂರು ರೂಪಾಯಿ. ಆದರೂ ಸಾಲ ಕೊಟ್ಟ ಬ್ಯಾಂಕಿನವರು ಒತ್ತಾಯಿಸದಿದ್ದರೆ ಯಾರೂ ಮಾಡಿಸುವುದಿಲ್ಲ. ಇಲ್ಲಿಯೂ ನನ್ನದೊಂದು ತಪ್ಪಿದೆ. ನಮ್ಮ ಕಚೇರಿಯ ಸಹಾಯಕರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಜಮಖಂಡಿ ತಾಲ್ಲೂಕಿನ ಕೃಷ್ಣೆಯ ದಂಡೆಯ ಊರು ಅವರದು. 2018ರಲ್ಲಿ ಒಂದು ಸಂಜೆ, "ಸಾಹೇಬರೇ, ನಮ್ಮ ಮನೆಗೆ ಒಂದು ಪಾಲಿಸಿ ಬರೆಯುತ್ತೀರಾ?" ಎಂದು ಕೇಳಿದ್ದರು. "ಹಳ್ಳಿಯ ಮನೆಗೆ ಯಾರು ಮಾಡಿಸುತ್ತಾರೆ ಕಾಕಾ, ಆ ರೊಕ್ಕದಲ್ಲಿ ಬೈಕಿನ ವಿಮೆ ಕಟ್ಟಿ" ಎಂದು ಹೇಳಿ ಕಳುಹಿಸಿದೆ. ಪ್ರೀಮಿಯಂ ಸಣ್ಣದು, ಸರ್ವೆ ಮಾಡಿಸಬೇಕು, ಅಷ್ಟು ಓಡಾಟ ಏಕೆ ಎಂಬುದು ನನ್ನ ಮನಸ್ಸಿನಲ್ಲಿದ್ದ ಮಾತು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿ ಬಂದವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಊರೂರೇ ನೀರಿನಲ್ಲಿ ನಿಂತವು. ಕಾಕಾ ಅವರ ಮನೆ ಬಿದ್ದಿತು.

ಎಂಜಿನಿಯರುಗಳು ಬಂದು ಅದನ್ನು ಎ ವರ್ಗ ಎಂದು ಬರೆದುಕೊಂಡರು. ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಕೇಂದ್ರದ ವಿಪತ್ತು ನಿಧಿಯ ಮಾನದಂಡದಲ್ಲಿ ಬಯಲುಸೀಮೆಯ ಅಂಥ ಮನೆಗೆ 95,100 ಮಾತ್ರ. ಉಳಿದುದೆಲ್ಲ ರಾಜ್ಯದ ಕೈಯಿಂದ. ಪಾಯಕ್ಕೆ ಒಂದು ಫೋಟೊ, ಗೋಡೆಗೆ ಒಂದು ಫೋಟೊ, ಛಾವಣಿಗೆ ಒಂದು ಫೋಟೊ, ಒಂದೊಂದು ಫೋಟೊಕ್ಕೂ ಒಂದೊಂದು ಕಂತು. ಕಾಕಾ ತಮ್ಮ ರಜೆಗಳನ್ನೆಲ್ಲ ಆ ಕಂತುಗಳ ಹಿಂದೆ ತಿರುಗುವುದರಲ್ಲಿಯೇ ಕಳೆದರು. ಕಾರಿಗೆ ದರ ಕಟ್ಟುವುದರಲ್ಲಿ ಸರ್ಕಾರಕ್ಕೆ ಒಂದು ಖರ್ಚು, ಮನೆಗೆ ವಿಮೆಯೇ ಇಲ್ಲದಂತೆ ಬಿಡುವುದರಲ್ಲಿ ಇನ್ನೊಂದು ಖರ್ಚು. ಎರಡನೆಯದನ್ನು ಯಾರೂ ವಿಮೆಯ ಖಾತೆಯಲ್ಲಿ ಬರೆಯುವುದಿಲ್ಲ, ಪರಿಹಾರದ ಖಾತೆಯಲ್ಲಿ ಬರೆಯುತ್ತಾರೆ.

ಮನೆಗೂ ದರ ಕಟ್ಟಿಬಿಟ್ಟರೆ ಸರಿಹೋಗುತ್ತದೆಯೇ ಎಂದರೆ ಅದೂ ಅಷ್ಟು ಸುಲಭವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಜನಮತದಿಂದ ಬಂದ ಕಾನೂನಿನ ಪ್ರಕಾರ ಕಾರು ಮತ್ತು ಮನೆ ಎರಡರ ದರಕ್ಕೂ ಮೊದಲೇ ರಾಜ್ಯದ ಒಪ್ಪಿಗೆ ಬೇಕು. ಕಾಳ್ಗಿಚ್ಚಿನ ನಷ್ಟ ಏರುತ್ತ ಹೋಯಿತು, ದರ ಅದರ ಹಿಂದೆ ಓಡಲಾಗಲಿಲ್ಲ. 2023ರಲ್ಲಿ ಅಲ್ಲಿನ ಅತಿ ದೊಡ್ಡ ಮನೆ ವಿಮಾ ಕಂಪನಿ ಹೊಸ ಪಾಲಿಸಿ ಬರೆಯುವುದನ್ನೇ ನಿಲ್ಲಿಸಿತು. ಇದನ್ನು ಓದಿದಾಗ ನನಗೆ ನಮ್ಮ ಪೂಲ್‌ನ ಕಾಲವೇ ನೆನಪಾಯಿತು.

ಈಗ, ಸರ್ಕಾರಕ್ಕೆ ಏನು ಖರ್ಚು ಎಂಬ ಆ ಪ್ರಶ್ನೆ ಕೇಳಿದವರ ವಿಷಯ. 2021ರಲ್ಲಿ ಲೋಕ ಅದಾಲತ್‌ಗೆ ಮೊದಲಿನ ಮಾತುಕತೆಗೆ ಆ ಫಿಟ್ಟರ್ ಅವರ ಹೆಂಡತಿ, ಅತ್ತೆಯ ಜೊತೆ ಕೋರ್ಟಿಗೆ ಬಂದಿದ್ದರು. ನಾನು ನಮ್ಮ ವಕೀಲರೊಂದಿಗೆ ಕುಳಿತಿದ್ದೆ. ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ಪ್ರೊವಿಜನ್ 50,000 ಎಂದೇ ಇತ್ತು, ಹಾಗಾಗಿ ನಾವು ಹೇಳಿದ ರಾಜಿ ಮೊತ್ತವೂ ಅತಿ ಕಡಿಮೆ. ಅವರ ವಕೀಲರು ಎದ್ದೇ ಹೋದರು. ಅತ್ತೆ ಮಾತ್ರ ಕುಳಿತೇ ಇದ್ದರು. "ತಮ್ಮಾ, ಈ ರೊಕ್ಕ ಸರ್ಕಾರದ್ದೋ, ನಿಮ್ಮದೋ?" ಎಂದು ಕೇಳಿದರು. "ಕಂಪನಿಯದು ಅವ್ವಾ. ಸರ್ಕಾರಕ್ಕೂ ಇದಕ್ಕೂ ಸಂಬಂಧವಿಲ್ಲ" ಎಂದೆ. "ಹಾಗಾದರೆ ನೀವು ಇಷ್ಟು ಹಿಡಿದು ಕೊಡುವುದು ಏಕೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೊಸೆಯ ಕೈ ಹಿಡಿದು ಹೊರಟರು. ಅಂದು ಫೈಲಿನಲ್ಲಿ ಸರಿಯಾದ ಅಂಕಿ ಇದ್ದಿದ್ದರೆ ನಮಗೆ ರಾಜಿಗೆ ಅಧಿಕಾರ ಸಿಗುತ್ತಿತ್ತು, ಆ ಐವರಿಗೆ ಒಂದೂವರೆ ವರ್ಷ ಮೊದಲೇ ಹಣ ತಲುಪುತ್ತಿತ್ತು, ಆ ಅವಧಿಯ ಬಡ್ಡಿಯೂ ಉಳಿಯುತ್ತಿತ್ತು. ದೊಡ್ಡ ಮಗಳು ಆಗ ಎಂಟನೆಯ ತರಗತಿ ಎಂದು ಅರ್ಜಿಯಲ್ಲಿತ್ತು.

ಸಭೆಯ ಮರುದಿನದಿಂದ ನಲವತ್ತಮೂರು ಫೈಲುಗಳನ್ನೂ ನೆಲದ ಮೇಲೆ ಹರಡಿಕೊಂಡು ಕುಳಿತೆ. ಒಂಬತ್ತು ದಿನ ಹಿಡಿಯಿತು. ಡಿಎಂ ಒಂದು ಮಾತೂ ಆಡದೆ ಒಂದೊಂದಕ್ಕೂ ಒಪ್ಪಿಗೆ ಒತ್ತಿದರು. ಮುಗಿದಾಗ ಖಾಸಗಿ ಕಾರಿನ ಐಸಿಆರ್ ಎರಡು ಪಟ್ಟಿಗಿಂತ ಮೇಲೆ ಹೋಗಿತ್ತು. ಕಚೇರಿ ಲಾಭದಿಂದ ನಷ್ಟಕ್ಕೆ ಇಳಿಯಿತು, ಆ ವರ್ಷ ಎಲ್ಲರಿಗೂ ಬರಬೇಕಾಗಿದ್ದ ಪ್ರೋತ್ಸಾಹಧನ ಹೋಯಿತು. ಕೌಂಟರಿನ ಸಹೋದ್ಯೋಗಿಯೊಬ್ಬರು ಮಗಳ ಕಾಲೇಜಿನ ಫೀಸಿಗೆ ಅದನ್ನೇ ನಂಬಿಕೊಂಡಿದ್ದರು. ಅವರು ಎರಡು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಅವರ ಕೋಪ ನ್ಯಾಯವಾದದ್ದೇ. ಸಂಸತ್ತಿಗೆ ಹೋದ ಉತ್ತರದಲ್ಲಿ ನನ್ನ 71 ಸೇರಿತ್ತೋ, ಅದನ್ನು ತೆಗೆದು ಬೇರೆ ಅಂಕಿ ಹಾಕಿದರೋ, ಮೇಲಿನಿಂದ ನನಗೆ ಯಾರೂ ಹೇಳಲಿಲ್ಲ. ಎರಡು ಸಲ ಮೇಲ್ ಬರೆದು ತಿದ್ದಿದ ಪಟ್ಟಿಯನ್ನು ಕಳುಹಿಸಿದ್ದೇನೆ.

ಈಚೆಗೆ ಒಂದು ಒಳ್ಳೆಯದಾಗಿದೆ. 2022ರ ಏಪ್ರಿಲ್‌ನಿಂದ ಬಂದ ಹೊಸ ನಿಯಮದಂತೆ ಪೊಲೀಸರು ಅಪಘಾತವಾದ 48 ಗಂಟೆಯೊಳಗೆ ಮೊದಲ ವರದಿ, ಆಮೇಲೆ ಡಿಎಆರ್ (ಅಪಘಾತದ ವಿವರವಾದ ವರದಿ) ಕಳುಹಿಸಬೇಕು. ವಯಸ್ಸು, ಆದಾಯ, ಅವಲಂಬಿತರು ಎಲ್ಲವೂ ಅದರಲ್ಲಿ ಇರುತ್ತದೆ. ಕಾಗದ ಬಂದಿಲ್ಲ ಎನ್ನುವ ನೆಪ ಇನ್ನು ನಡೆಯುವುದಿಲ್ಲ.

ಕಳೆದ ಗುರುವಾರ ಸಂಜೆ ಸಿಂದಗಿ ಕಡೆಯ ಒಂದು ಡಿಎಆರ್ ಬಂತು. ಕಾರು ಹೊಡೆದು ಟಂಟಂ ಆಟೊ ಮಗುಚಿ ಒಬ್ಬರು ತೀರಿಕೊಂಡಿದ್ದಾರೆ. ವಯಸ್ಸು 41, ನಾಲ್ವರು ಅವಲಂಬಿತರು, ಗುಣಕ 14. ಲೆಕ್ಕ ಹಾಕಿ, ಕಾರಣದ ಕೋಡ್ ಆರಿಸಿ, ಹಾಳೆಗಳನ್ನು ಎರಡು ಎಂಬಿಗೆ ಇಳಿಸಿ ಏರಿಸುವಷ್ಟರಲ್ಲಿ ಲಾಗ್‌ಔಟ್ ಆಯಿತು. ಮತ್ತೆ ಮಾಡಿದೆ. ಮತ್ತೆ ಆಯಿತು. ಏಳು ಗಂಟೆಗೆ ಕಾಕಾ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತು, "ನಾಳೆ ಮಾಡಿದರೆ ನಡೆಯುವುದಿಲ್ಲವೇ ಸಾಹೇಬರೇ?" ಎಂದರು. ಇನ್ನೊಂದು ಹತ್ತು ನಿಮಿಷ ಕುಳಿತುಕೊಳ್ಳಿ ಕಾಕಾ ಎಂದು ಹೇಳಿ, ಮೂರನೆಯ ಸಲ ಪಾಸ್‌ವರ್ಡ್ ಒತ್ತಿದೆ.